ಅಪ್ಪನಿಗಾಗಿ ಬರೆದ ಹಾಡು ಜಮೈಕಾಕ್ಕೆ ಹೋಗಿ ಬಂದ ಬಗೆ

ಪ್ರಶ್ನೆ: ಕಾಲೇಜಿನ ದಿನಗಳಿಂದ ನನಗೆ ಬ್ರಿಟನ್ನಿನ ಗಾಯಕ ಬಾಯ್ ಜಾರ್ಜ್ ಹಾಡಿದ ‘ಎವೆರಿಥಿಂಗ್ ಐ ಓನ್’ ತುಂಬಾ ಇಷ್ಟ. ಜಮೈಕಾದ ರೆಗೆ ಧಾಟಿಯ ಆ ಹಾಡು ಅವರದೇ ಅಂದುಕೊಂಡಿದ್ದೆ. ಮೊನ್ನೆ ಗೆಳೆಯರೊಬ್ಬರು, ಅದು ಅಮೆರಿಕದ ಬ್ರೆಡ್ ಅನ್ನೋ ತಂಡದ ಹಳೆಯ ಹಾಡು, ತೀರಿಕೊಂಡ ತಂದೆಗಾಗಿ ಬರೆದದ್ದು ಅಂದರು. ನಿಜವಾ? ನಿಜವಾದರೆ, ದುಃಖದ ಹಾಡನ್ನು ಕುಣಿಯುವ ತಾಳಕ್ಕೆ ಹಾಡೋದು ಸರಿಯಾ? ಬರುವ ತಿಂಗಳು ನಮ್ಮ ತಂದೆಯ ವರ್ಷಾಂತಿಕ. ಸಂಜೆ ಮನೆಯವರೆಲ್ಲ ಕೂತಾಗ ಗಿಟಾರ್ ಹಿಡಿದು ಇದನ್ನೇ ಹಾಡಬೇಕು ಅಂತಿದ್ದೇನೆ. ಯಾರು ಹಾಡಿದ್ದನ್ನು ಕೇಳಿ ಕಲಿಯಲಿ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಆದರೆ ನೀವು ಇಷ್ಟು ವರ್ಷ ಅಂದುಕೊಂಡಿದ್ದರಲ್ಲೂ ತಪ್ಪೇನಿಲ್ಲ. ಈ ಹಾಡನ್ನು ಹೆಚ್ಚಿನವರು ಕೇಳಿರುವುದು ಬೇರೆಯವರ ದನಿಯಲ್ಲೇ. ನಾನೂ ಹಾಗೆಯೇ. ನನ್ನ ಕೈಗೆ ಇದು ಮೊದಲು ಬಂದದ್ದು ಒಂದು ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟಿನ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ‘ಲವ್ ಸಾಂಗ್ಸ್’ ಅಂತ ಬರೆದಿತ್ತು. ಅದನ್ನು ನಂಬಿ ಎಷ್ಟೋ ವರ್ಷ ಇದು ಬಿಟ್ಟುಹೋದ ಹುಡುಗಿಯ ಹಾಡು ಅಂತಲೇ ತಿಳಿದಿದ್ದೆ. ಹಾಗೇ ಕಲಿತೆ, ಹಾಗೇ ಬೇರೆಯವರಿಗೂ ಕಲಿಸಿದೆ.

ಬರೆದವರು ಡೇವಿಡ್ ಗೇಟ್ಸ್. 1940ರಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾದಲ್ಲಿ ಹುಟ್ಟಿದವರು. ತಂದೆ ಶಾಲೆಯ ಬ್ಯಾಂಡಿನ ಮೇಷ್ಟ್ರು, ತಾಯಿ ಪಿಯಾನೊ ಕಲಿಸುತ್ತಿದ್ದವರು. ಮನೆ ತುಂಬ ಸಂಗೀತ. ಇಪ್ಪತ್ತರ ಆಸುಪಾಸಿನಲ್ಲಿ ಗೇಟ್ಸ್ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿನ ಸ್ಟುಡಿಯೊಗಳಲ್ಲಿ ಬೇರೆಯವರ ಹಾಡಿಗೆ ನುಡಿಸುವುದು, ವಾದ್ಯ ಜೋಡಿಸುವುದು, ಬೇರೆಯವರಿಗಾಗಿ ಹಾಡು ಬರೆಯುವುದು, ಹೀಗೆ ಬದುಕು ಕಟ್ಟಿಕೊಳ್ಳುತ್ತಿದ್ದರು. 1963ರಲ್ಲಿ ತಂದೆ ತೀರಿಕೊಂಡರು. ಬ್ರೆಡ್ ತಂಡ ಶುರುವಾಗಿದ್ದು 1968ರಲ್ಲಿ. ಅವರ ‘ಮೇಕ್ ಇಟ್ ವಿತ್ ಯು’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 1970ರಲ್ಲಿ. ಮಗನಿಗೆ ಮೊದಲ ಪಾಠ ಸಿಕ್ಕಿದ್ದು ಮನೆಯಲ್ಲಿ, ಹೆಸರು ಬಂದಾಗ ನೋಡಲು ಅಪ್ಪ ಇರಲಿಲ್ಲ. ಆ ನೋವಿನಿಂದ ಬಂದದ್ದು ಈ ಹಾಡು. 1972ರಲ್ಲಿ ಹೊರಬಂತು, ಅಪ್ಪ ಹೋಗಿ ಒಂಬತ್ತು ವರ್ಷ ಆದ ಮೇಲೆ. ಸತ್ತ ಮರುದಿನ ಬರೆದ ಹಾಡಾಗಿದ್ದರೆ ಅಳು ಜಾಸ್ತಿ ಇರುತ್ತಿತ್ತೋ ಏನೋ. ಇದರಲ್ಲಿ ಅಳುವಿಗಿಂತ ಹೆಚ್ಚಾಗಿ ಕೇಳಿಸುವುದು ಲೆಕ್ಕ. ನೀನು ನನಗೆ ಏನೇನು ಕೊಟ್ಟೆ, ನಾನು ತಿರುಗಿ ಏನು ಕೊಡಬಹುದು ಅನ್ನುವ ಲೆಕ್ಕ.

ಪದಗಳನ್ನೇ ಒಮ್ಮೆ ಹತ್ತಿರದಿಂದ ನೋಡಿ. ಮೊದಲ ಸಾಲಿನಲ್ಲಿ ಹಾಡುವವನು ಹೇಳುತ್ತಾನೆ, ನನಗೆ ಏನೂ ಆಗದಂತೆ ನೀನು ಅಡ್ಡ ನಿಂತು ಕಾಪಾಡಿದೆ, ಬೆಚ್ಚಗಿಟ್ಟೆ. ಇದು ಪ್ರೇಯಸಿಗೆ ಹೇಳುವ ಮಾತಾ? ಹೇಳಬಹುದು. ಆದರೆ ಮಗು ದೊಡ್ಡವರಿಗೆ ಹೇಳುವ ಮಾತು ಅಂದುಕೊಂಡು ಕೇಳಿದರೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಮುಂದೆ, ನನಗೆ ಬದುಕು ಕೊಟ್ಟೆ, ಸ್ವತಂತ್ರವಾಗಿ ಬಿಟ್ಟೆ ಅನ್ನುತ್ತಾನೆ. ಪ್ರೀತಿಸಿದವಳು ಬದುಕು ಕೊಟ್ಟಳು ಅನ್ನುವುದು ಬರೀ ಮಾತಿನ ರೀತಿ. ಅಪ್ಪ ಬದುಕು ಕೊಟ್ಟ ಅನ್ನುವುದು ಅಕ್ಷರಶಃ ನಿಜ.

ಹಾಡಿನಲ್ಲಿ ಒಂದು ಕಡೆಯೂ ‘ಅಪ್ಪ’ ಅನ್ನುವ ಪದ ಇಲ್ಲ. ಸಾವು ಅನ್ನುವ ಪದವೂ ಇಲ್ಲ. ‘ನೀನು’ ಅಂತ ಮಾತ್ರ ಇದೆ. ಆ ‘ನೀನು’ ಯಾರು ಅಂತ ಹೇಳದೇ ಇದ್ದದ್ದರಿಂದಲೇ ಇದು ಇಷ್ಟು ಜನರ ಹಾಡಾಯಿತು ಅಂತ ನಾನು ನಂಬಿದ್ದೇನೆ. ಆ ಜಾಗ ಖಾಲಿ ಇದೆ. ಯಾರು ಹಾಡುತ್ತಾರೋ ಅವರು ತಮ್ಮವರನ್ನು ಅಲ್ಲಿ ಕೂರಿಸಿಕೊಳ್ಳುತ್ತಾರೆ.

ನಡುವೆ ಒಂದು ಭಾಗ ಬರುತ್ತದೆ. ಅಲ್ಲಿ ಹಾಡುವವನು ಇದ್ದಕ್ಕಿದ್ದಂತೆ ಕೇಳುವವರ ಕಡೆ ತಿರುಗುತ್ತಾನೆ. ನಿನಗೂ ಅಂಥವರು ಯಾರಾದರೂ ಇದ್ದಾರಾ, ತುಂಬಾ ಪ್ರೀತಿ ಇದ್ದೂ ಇರುತ್ತಾರೆ ಬಿಡು ಅಂತ ಸುಮ್ನೆ ಇದ್ದುಬಿಟ್ಟಿದ್ದೀಯಾ, ಒಂದು ದಿನ ಯಾರೋ ಅವರನ್ನು ಕರೆದುಕೊಂಡು ಹೋಗಿಬಿಟ್ಟರೆ ನೀನು ಹೇಳಬೇಕು ಅಂತಿದ್ದ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ, ಅಂತ. ‘ಯಾರೋ ಕರೆದುಕೊಂಡು ಹೋಗುತ್ತಾರೆ’ ಅನ್ನುವಲ್ಲಿ ನಾನು ಆ ಕ್ಯಾಸೆಟ್ಟಿನ ಕಾಲದಲ್ಲಿ ಇನ್ನೊಬ್ಬ ಹುಡುಗನನ್ನು ಊಹಿಸಿಕೊಂಡಿದ್ದೆ. ಅಪ್ಪನ ಹಾಡು ಅಂತ ಗೊತ್ತಾದ ದಿನ ಅದೇ ಸಾಲು ಕೇಳಿದಾಗ ಆ ‘ಯಾರೋ’ ಯಾರು ಅಂತ ಹೊಳೆಯಿತು. ಟೇಪ್ ನಿಲ್ಲಿಸಿ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಇನ್ನೊಂದು ಚಿಕ್ಕ ವಿಷಯ. ಪಲ್ಲವಿಯಲ್ಲಿ ಪ್ರತಿ ಸಲವೂ ಅವನು ಕೇಳುವುದು, ನೀನು ಮತ್ತೆ ಸಿಕ್ಕರೆ ಸಾಕು ಅಂತ. ಕೊನೆಯಲ್ಲಿ ಅದಕ್ಕೆ ಇನ್ನೊಂದು ಸಾಲು ಸೇರುತ್ತದೆ, ಇನ್ನೊಮ್ಮೆ ಮುಟ್ಟುವಂತಾದರೆ ಸಾಕು ಅಂತ. ಆಸೆ ಅಷ್ಟು ಸಣ್ಣದಾಗುತ್ತದೆ. ಮನುಷ್ಯ ವಾಪಸ್ ಬರುವುದಿಲ್ಲ ಅಂತ ಗೊತ್ತಾದವರು ಕೇಳುವುದು ಅಷ್ಟೇ ಅಲ್ವಾ?

ಬ್ರೆಡ್ ತಂಡ ಇದನ್ನು ಹಾಡಿದ್ದು ಬಹಳ ಮೆತ್ತಗೆ. ಸಾಫ್ಟ್ ರಾಕ್ ಅಂದರೆ ಅದೇ ತಾನೆ. ರಾಕ್ ಸಂಗೀತದ ಗಿಟಾರ್, ಡ್ರಮ್ಸ್ ಎಲ್ಲ ಇರುತ್ತವೆ, ಆದರೆ ಯಾರೂ ಕೂಗುವುದಿಲ್ಲ. ಗಿಟಾರಿನ ತಂತಿಗಳನ್ನು ಬಿಡಿಬಿಡಿಯಾಗಿ ಮೀಟುತ್ತಾರೆ, ಗೇಟ್ಸ್ ದನಿ ಮೇಲೆ ತೇಲುತ್ತದೆ, ಪಲ್ಲವಿ ಬಂದಾಗ ಜೊತೆಯ ದನಿಗಳು ಸೇರಿ ಸ್ವಲ್ಪ ಮೇಲೇರುತ್ತವೆ. ಆಗ ಅವರ ಜೊತೆಗಿದ್ದ ಲ್ಯಾರಿ ನೆಕ್ಟೆಲ್ ‘ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್’ ಹಾಡಿಗೆ ಪಿಯಾನೊ ನುಡಿಸಿದವರು. ಎಲ್ಲರೂ ಸ್ಟುಡಿಯೊದಲ್ಲಿ ಪಳಗಿದ ಕೈಗಳು. ಒಂದು ಸ್ವರವೂ ಜಾಸ್ತಿ ಇಲ್ಲ. ಅಮೆರಿಕದಲ್ಲಿ ಹಾಡು ಐದನೇ ಸ್ಥಾನದವರೆಗೆ ಹೋಯಿತು. ಬ್ರಿಟನ್ನಿನಲ್ಲಿ ಮಾತ್ರ 32ಕ್ಕೇ ನಿಂತಿತು.

ಅದೇ ಬ್ರಿಟನ್ನಿನಲ್ಲಿ ಅದೇ ಹಾಡು ಆಮೇಲೆ ಎರಡು ಸಲ ಮೊದಲ ಸ್ಥಾನಕ್ಕೆ ಬಂತು. ಎರಡು ಸಲವೂ ರೆಗೆಯಾಗಿ. ಎರಡನೆಯದು ನಿಮಗೆ ಗೊತ್ತಿರುವ ಬಾಯ್ ಜಾರ್ಜ್. ಮೊದಲನೆಯವರು ಕೆನ್ ಬೂತ್. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇವರ ಬಳಿ, ಅದಕ್ಕೆ ಇವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕೆನ್ ಬೂತ್ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನವರು. 1948ರಲ್ಲಿ ಅಲ್ಲಿನ ಡೆನಮ್ ಟೌನ್ ಅನ್ನುವ ಬಡವರ ಬಡಾವಣೆಯಲ್ಲಿ ಹುಟ್ಟಿದರು. ಅರವತ್ತರ ದಶಕದಲ್ಲಿ, ರೆಗೆಗೆ ಮುಂಚೆ ‘ರಾಕ್‌ಸ್ಟೆಡಿ’ ಅನ್ನುವ ಧಾಟಿ ಇದ್ದಾಗ, ಸ್ಟುಡಿಯೊ ವನ್ ಕಂಪನಿಯ ದೊಡ್ಡ ದನಿ ಇವರದು. ‘ಮಿಸ್ಟರ್ ರಾಕ್‌ಸ್ಟೆಡಿ’ ಅಂತಲೇ ಹೆಸರು. ಅವರ ಗಂಟಲಲ್ಲಿ ಒಂದು ಒರಟು ಇದೆ, ಸ್ವರ ಹಿಡಿದಾಗ ತುದಿಯಲ್ಲಿ ಸಣ್ಣಗೆ ನಡುಗುತ್ತದೆ. ಗೇಟ್ಸ್ ದನಿ ನುಣುಪು, ಬೂತ್ ದನಿ ಒಡೆದದ್ದು. ಒಂದೇ ಸಾಲನ್ನು ಇಬ್ಬರ ಬಾಯಲ್ಲೂ ಒಂದಾದ ಮೇಲೊಂದು ಕೇಳಿ ನೋಡಿ. ಒಬ್ಬರು ದುಃಖವನ್ನು ನೆನೆಸಿಕೊಂಡು ಹಾಡುತ್ತಿದ್ದಾರೆ, ಇನ್ನೊಬ್ಬರು ಅದರ ನಡುವೆಯೇ ನಿಂತಿದ್ದಾರೆ.

ಜಮೈಕಾದಲ್ಲಿ ಅಮೆರಿಕದ ಹಾಡುಗಳನ್ನು ತಮ್ಮ ಧಾಟಿಗೆ ತಿರುಗಿಸಿಕೊಳ್ಳುವುದು ಮೊದಲಿಂದಲೂ ಇತ್ತು. ಮಯಾಮಿ, ನ್ಯೂ ಆರ್ಲಿಯನ್ಸ್ ಕಡೆಯ ರೇಡಿಯೊ ರಾತ್ರಿ ಹೊತ್ತು ದ್ವೀಪಕ್ಕೆ ಕೇಳಿಸುತ್ತಿತ್ತು. ಇಷ್ಟವಾದದ್ದನ್ನು ತಮ್ಮದು ಮಾಡಿಕೊಳ್ಳುತ್ತಿದ್ದರು. ಜಾನ್ ಹೋಲ್ಟ್ ಅನ್ನುವ ಗಾಯಕ 1973ರಲ್ಲಿ ಇಂಥ ಹಾಡುಗಳದ್ದೇ ಒಂದು ಆಲ್ಬಂ ಮಾಡಿದ್ದರು. ನಮ್ಮ ದಾಸರ ಪದಗಳನ್ನೇ ನೆನೆಸಿಕೊಳ್ಳಿ. ಎಷ್ಟೋ ಪದಗಳ ಮೂಲ ಮಟ್ಟು ಏನಿತ್ತು ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಪದ ಪುರಂದರದಾಸರದ್ದೇ, ಕೇಳುವಾಗ ಹಾಡಿದವರದ್ದು ಅನ್ನಿಸುತ್ತದೆ. ಅಲ್ಲೂ ಹಾಗೆಯೇ.

ನಿರ್ಮಾಪಕ ಲಾಯ್ಡ್ ಚಾರ್ಮರ್ಸ್ ಜೊತೆ ಬೂತ್ ಈ ಹಾಡನ್ನು ಮಾಡಿದರು. ಬ್ರಿಟನ್ನಿನಲ್ಲಿ ಟ್ರೋಜನ್ ಕಂಪನಿ 1974ರಲ್ಲಿ ಬಿಡುಗಡೆ ಮಾಡಿತು. ಆ ವರ್ಷ ಅಕ್ಟೋಬರ್ ಕೊನೆಯಿಂದ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಜಮೈಕಾದಿಂದ ಹೋಗಿ ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆ ನೆಲೆಸಿದ್ದ ಜನ ಆಗ ಬಹಳ ಇದ್ದರು. ಅಪ್ಪ ಅಮ್ಮನನ್ನು ಸಮುದ್ರದಾಚೆ ಬಿಟ್ಟು ಬಂದವರು. ಅವರು ಆ ‘ನೀನು’ ಅನ್ನುವ ಖಾಲಿ ಜಾಗದಲ್ಲಿ ಯಾರನ್ನು ಕೂರಿಸಿಕೊಂಡಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಬೂತ್ ಒಂದು ಪದ ಬದಲಿಸಿದ್ದಾರೆ. ಹಾಡಿನ ಹೆಸರು ‘ಎವೆರಿಥಿಂಗ್ ಐ ಓನ್’ ಅಂತಲೇ ಇದೆ, ಆದರೆ ಅವರು ಹಾಡುವುದು ‘ಎನಿಥಿಂಗ್ ಐ ಓನ್’. ಕನ್ನಡದಲ್ಲಿ ಹೇಳುವುದಾದರೆ, ಗೇಟ್ಸ್ ‘ನನ್ನದು ಅನ್ನುವುದನ್ನೆಲ್ಲ ಕೊಟ್ಟುಬಿಡುತ್ತೇನೆ’ ಅನ್ನುತ್ತಾರೆ. ಬೂತ್ ‘ನನ್ನ ಹತ್ತಿರ ಇರೋದು ಯಾವುದು ಬೇಕಾದರೂ ಕೊಡುತ್ತೇನೆ’ ಅನ್ನುತ್ತಾರೆ. ಮೊದಲನೆಯದು ಶಪಥ. ಎರಡನೆಯದು ಬಾಗಿಲಲ್ಲಿ ನಿಂತು, ನೀನೇ ಹೇಳು, ಯಾವುದು ಬೇಕು ತಗೋ, ಅಂತ ಬೇಡಿಕೊಂಡ ಹಾಗೆ. ನನಗಂತೂ ಬೂತ್ ಅವರ ಪದವೇ ಹೆಚ್ಚು ತಾಗುತ್ತದೆ. ಇದು ನನ್ನ ರುಚಿ. ನಿಮಗೆ ಬೇರೆ ಅನ್ನಿಸಬಹುದು.

ಈಗ ನಿಮ್ಮ ಎರಡನೇ ಪ್ರಶ್ನೆ. ದುಃಖದ ಹಾಡಿಗೆ ಈ ತಾಳ ಸರಿಯಾ?

ಒಂದು ಕೆಲಸ ಮಾಡಿ. ಕೂತಲ್ಲೇ ಕಾಲಿನಿಂದ ಒಂದು, ಎರಡು, ಮೂರು, ನಾಲ್ಕು ಅಂತ ಒಂದೇ ಸಮ ತಟ್ಟಿ. ಮಾಮೂಲಿ ರಾಕ್ ಹಾಡಿನಲ್ಲಿ ಒಂದರ ಮೇಲೆ ದೊಡ್ಡ ಡ್ರಮ್ ಬೀಳುತ್ತದೆ. ಅಲ್ಲಿಂದ ಹಾಡು ಹೊರಡುತ್ತದೆ. ಬಹಳಷ್ಟು ರೆಗೆ ಹಾಡುಗಳಲ್ಲಿ ಆ ಒಂದು ಖಾಲಿ. ದೊಡ್ಡ ಡ್ರಮ್ ಬೀಳುವುದು ಮೂರರ ಮೇಲೆ. ಇದಕ್ಕೆ ಅವರು ‘ವನ್ ಡ್ರಾಪ್’ ಅನ್ನುತ್ತಾರೆ, ಒಂದನ್ನು ಬಿಟ್ಟದ್ದು ಅಂತ. ಗಿಟಾರ್ ಎರಡರ ಮೇಲೆ, ನಾಲ್ಕರ ಮೇಲೆ ‘ಚಕ್’, ‘ಚಕ್’ ಅಂತ ಕತ್ತರಿಸಿ ಬರುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಅನಾಗತ ಎಡುಪು ಗೊತ್ತಿರುತ್ತದೆ, ತಾಳ ಶುರುವಾದ ಮೇಲೆ ಸ್ವಲ್ಪ ಬಿಟ್ಟು ಹಾಡು ಎತ್ತಿಕೊಳ್ಳುವುದು. ಹೆಚ್ಚುಕಡಿಮೆ ಆ ಅನುಭವ. ಕಾಲು ಊರುವ ಜಾಗದಲ್ಲಿ ಏನೂ ಇಲ್ಲ. ಪ್ರತಿ ಸುತ್ತಿಗೂ ಮೊದಲ ಹೆಜ್ಜೆಯಲ್ಲಿ ಒಂದು ಖಾಲಿ ಜಾಗ. ಅಪ್ಪ ಇಲ್ಲದ ಮನೆಯಲ್ಲಿ ದಿನವೂ ಆಗುವುದು ಇದೇ ಅಲ್ವಾ? ನಿಮಗೂ ಈ ಒಂದು ವರ್ಷದಲ್ಲಿ ಗೊತ್ತಾಗಿರುತ್ತದೆ.

ಜಮೈಕಾದಲ್ಲಿ ‘ನೈನ್ ನೈಟ್’ ಅನ್ನುವ ಪದ್ಧತಿ ಇದೆ. ಸತ್ತವರ ಮನೆಯಲ್ಲಿ ರಾತ್ರಿಯೆಲ್ಲ ಜನ ಸೇರುತ್ತಾರೆ, ಹಾಡುತ್ತಾರೆ, ಊಟ ಮಾಡುತ್ತಾರೆ, ಡ್ರಮ್ ಬಾರಿಸುತ್ತಾರೆ, ಕುಣಿಯುತ್ತಾರೆ. ಒಂಬತ್ತನೇ ರಾತ್ರಿ ಹೋದವರನ್ನು ಕಳಿಸಿಕೊಡುತ್ತಾರೆ. ನಮ್ಮ ಹಳ್ಳಿಗಳಲ್ಲೂ ಹೆಣದ ಮುಂದೆ ತಮಟೆ ಬಾರಿಸುತ್ತಾರೆ, ರಾತ್ರಿಯಿಡೀ ಭಜನೆ ಮಾಡುತ್ತಾರೆ. ಅದನ್ನು ಯಾರೂ ಸಂಭ್ರಮ ಅನ್ನುವುದಿಲ್ಲ. ತಾಳ ಇದ್ದ ಮಾತ್ರಕ್ಕೆ ದುಃಖ ಕಮ್ಮಿ ಆಗುವುದಿಲ್ಲ, ಹೊರುವುದಕ್ಕೆ ಒಂದು ಹಿಡಿ ಸಿಗುತ್ತದೆ. ಕೆನ್ ಬೂತ್ ಹಾಡನ್ನು ಒಂದು ಸಲ ಕಣ್ಣುಮುಚ್ಚಿ ಕೇಳಿ. ನಿಮ್ಮ ಅನುಮಾನ ಅಲ್ಲಿಗೇ ಹೋಗುತ್ತದೆ.

ಟ್ರೋಜನ್ ಕಂಪನಿ 1975ರಲ್ಲೇ ಮುಳುಗಿತು. ಬೂತ್ ಅವರಿಗೆ ಬ್ರಿಟನ್ನಿನಲ್ಲಿ ಅಂಥ ದೊಡ್ಡ ಗೆಲುವು ಮತ್ತೆ ಸಿಗಲಿಲ್ಲ. ಅದು ನನಗೆ ಈಗಲೂ ಬೇಸರದ ಸಂಗತಿ.

ಬಾಯ್ ಜಾರ್ಜ್ ಅವರದ್ದು 1987. ಅವರು ಹಾಡುತ್ತಿದ್ದ ಕಲ್ಚರ್ ಕ್ಲಬ್ ತಂಡ ಒಡೆದಿತ್ತು. ಅವರ ಹೆರಾಯಿನ್ ಚಟದ ವಿಷಯ ಹಿಂದಿನ ವರ್ಷ ಪತ್ರಿಕೆಗಳ ಮುಖಪುಟದಲ್ಲೆಲ್ಲ ಬಂದಿತ್ತು, ಬಂಧನವೂ ಆಗಿತ್ತು. ಅಂಥ ಹೊತ್ತಲ್ಲಿ ಒಬ್ಬರೇ ನಿಂತು ಹಾಡಿದ ಮೊದಲ ಸಿಂಗಲ್ ಇದು. ಅವರು ಹಿಡಿದದ್ದು ಬ್ರೆಡ್ ದಾರಿಯನ್ನಲ್ಲ, ಬೂತ್ ದಾರಿಯನ್ನು. ಅದಕ್ಕೇ ನೀವು ಕೇಳಿದ್ದು ರೆಗೆ. ಕಲ್ಚರ್ ಕ್ಲಬ್ಬಿನ 1982ರ ದೊಡ್ಡ ಹಾಡು ‘ಡು ಯು ರಿಯಲಿ ವಾಂಟ್ ಟು ಹರ್ಟ್ ಮಿ’ಯಲ್ಲೂ ಅದೇ ಲಯ ಇತ್ತು, ಅವರಿಗೆ ಅದು ಹೊಸದಲ್ಲ. ಮಾರ್ಚ್ ತಿಂಗಳಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು. ಅವರು ಹಾಡುವಾಗ ಆ ‘ನೀನು’ ಅಪ್ಪನೂ ಅಲ್ಲ, ಪ್ರೇಯಸಿಯೂ ಅಲ್ಲ. ಕಳೆದುಕೊಂಡ ತಮ್ಮದೇ ಬದುಕನ್ನು ವಾಪಸ್ ಕೊಡಿ ಅಂತ ಕೇಳುತ್ತಿದ್ದಾರೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ನೀವು ಅಷ್ಟು ವರ್ಷ ಆ ಹಾಡನ್ನು ಪ್ರೀತಿಸಿದ್ದು ಸುಮ್ನೆ ಅಲ್ಲ.

ಉಳಿದವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಕಂಟ್ರಿ ಗಾಯಕ ಜೋ ಸ್ಟ್ಯಾಂಪ್ಲಿ ಎಪ್ಪತ್ತರ ದಶಕದಲ್ಲೇ ಹಾಡಿದರು. ಕಂಟ್ರಿ ಸಂಗೀತದಲ್ಲಿ ಮನೆ, ಅಪ್ಪ, ಊರು ಎಲ್ಲ ಮೊದಲಿಂದ ಇರುವ ವಿಷಯಗಳೇ, ಹಾಗಾಗಿ ಅಲ್ಲಿ ಸಲೀಸಾಗಿ ಹೊಂದಿಕೊಂಡಿತು. ಎನ್‌ಸಿಂಕ್ ಅನ್ನುವ ಐದು ಹುಡುಗರ ತಂಡ ತಮ್ಮ ಮೊದಲ ಆಲ್ಬಂನಲ್ಲೇ ಇದನ್ನು ಸೇರಿಸಿಕೊಂಡಿತು. ಐದು ದನಿಗಳ ಹೊಂದಾಣಿಕೆ ಚೆನ್ನಾಗಿದೆ, ಆದರೆ ಅದು ಪೂರ್ತಿ ಪ್ರೇಮಗೀತೆ. ನಿಮ್ಮ ಸಂಜೆಗೆ ಅದು ಬೇಡ. ರಾಡ್ ಸ್ಟೂವರ್ಟ್ 2006ರಲ್ಲಿ ಹಾಡಿದರು, ದನಿಯ ಒರಟಿನಿಂದಾಗಿ ಕೇಳಬೇಕು ಅನ್ನಿಸುತ್ತದೆ. 2009ರ ‘ಬ್ಯಾಂಡ್‌ಸ್ಲ್ಯಾಮ್’ ಚಿತ್ರದಲ್ಲಿ ವನೆಸಾ ಹಜನ್ಸ್ ಇದನ್ನು ಸ್ಕಾ ಧಾಟಿಯಲ್ಲಿ, ತುತ್ತೂರಿಗಳ ಜೊತೆ ಹಾಡುತ್ತಾರೆ. ಸ್ಕಾ ಅಂದರೆ ರೆಗೆಯ ಹಿರಿಯಜ್ಜ, ಓಡುವ ಲಯ. ಹಾಡು ಅಷ್ಟು ಓಡಿದರೂ ಮುರಿಯಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಗೇಟ್ಸ್ ಹಾಡುಗಳಿಗೆ ಬ್ರಿಟನ್ನಿನಲ್ಲಿ ಇದೊಂದೇ ಸಲ ಹೀಗಾಗಿದ್ದಲ್ಲ. ಅವರದೇ ‘ಇಫ್’ ಅನ್ನುವ ಹಾಡನ್ನು ಟೀವಿಯಲ್ಲಿ ಕೊಜಾಕ್ ಅನ್ನುವ ಪತ್ತೇದಾರನ ಪಾತ್ರ ಮಾಡುತ್ತಿದ್ದ ನಟ ಟೆಲ್ಲಿ ಸವಾಲಸ್, ಹಾಡದೆ ಬರೀ ಮಾತಿನಂತೆ ಹೇಳಿ 1975ರಲ್ಲಿ ಅಲ್ಲಿ ಮೊದಲ ಸ್ಥಾನಕ್ಕೆ ತಂದರು. ಬೇರೆಯವರ ಬಾಯಲ್ಲಿ ಹೇಗೆ ಬಂದರೂ ನಿಲ್ಲುವಷ್ಟು ಗಟ್ಟಿ ಪದಗಳು ಅವರದು.

ಇನ್ನು ನೀವು ಹೇಗೆ ಕಲಿಯಬೇಕು ಅನ್ನುವುದು. ನನ್ನ ಸಲಹೆ, ಬ್ರೆಡ್‌ನಿಂದ ಪದ ಮತ್ತು ಸ್ವರ ಕಲಿಯಿರಿ, ಬೂತ್ ಅವರಿಂದ ಲಯ ತಗೊಳ್ಳಿ. ಮೊದಲ ವಾರ ರೆಗೆ ಮುಟ್ಟಲೇ ಬೇಡಿ. ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ನಿಧಾನಕ್ಕೆ ಹಾಡಿ. ಪಲ್ಲವಿಯಲ್ಲಿ ಸ್ವರ ಮೇಲೇರುತ್ತದೆ. ಅಲ್ಲಿ ಗಂಟಲು ಕಟ್ಟುವುದಾದರೆ ಶ್ರುತಿ ಇಳಿಸಿಕೊಳ್ಳಿ. ಅವತ್ತಿನ ದಿನ ಗಂಟಲು ಹೇಗೂ ಕಟ್ಟುತ್ತದೆ, ಹಾಗಾಗಿ ಒಂದು ಸ್ವರ ಕೆಳಗೇ ಇರಲಿ.

ಎರಡನೇ ವಾರ ತಾಳ ಹಿಡಿಯಿರಿ. ಕಾಲು ನಾಲ್ಕೂ ಎಣಿಸುತ್ತಿರಲಿ, ಬಲಗೈ ಎರಡಕ್ಕೆ ಮತ್ತು ನಾಲ್ಕಕ್ಕೆ ಮಾತ್ರ ಬೀಳಲಿ. ತೆಳು ತಂತಿಗಳ ಮೇಲಷ್ಟೇ, ಕೆಳಮುಖವಾಗಿ. ಗುಟ್ಟು ಇರುವುದು ಎಡಗೈಯಲ್ಲಿ. ಹೊಡೆದ ಕೂಡಲೇ ಎಡಗೈ ಬೆರಳುಗಳನ್ನು ಸ್ವಲ್ಪ ಸಡಿಲ ಮಾಡಿ, ತಂತಿಯಿಂದ ಪೂರ್ತಿ ತೆಗೆಯಬೇಡಿ. ಸ್ವರ ಅಲ್ಲಿಗೇ ನಿಲ್ಲುತ್ತದೆ. ಆ ‘ಚಕ್’ ಬರುವುದು ಹೀಗೆ. ಶುರುವಿನಲ್ಲಿ ಕೈ ತಾನಾಗಿ ಒಂದರ ಮೇಲೆ ಬೀಳುತ್ತದೆ, ನನ್ನ ಹತ್ತಿರ ಕಲಿಯಲು ಬಂದವರಿಗೆಲ್ಲ ಹಾಗೇ ಆಗಿದೆ. ನಾಲ್ಕೈದು ದಿನ ಬೇಕು. ಆತುರ ಪಡಬೇಡಿ, ವೇಗ ಹೆಚ್ಚಿಸಬೇಡಿ. ನಿಧಾನದ ರೆಗೆಯೇ ಕಷ್ಟ, ಆದರೆ ಈ ಹಾಡಿಗೆ ಅದೇ ಬೇಕು. ಪಕ್ಕದಲ್ಲಿ ಬೇಸ್ ಗಿಟಾರ್ ನುಡಿಸುವವರು ಯಾರಾದರೂ ಇದ್ದರೆ ಕರೆದುಕೊಳ್ಳಿ. ರೆಗೆಯಲ್ಲಿ ಗಿಟಾರಿಗಿಂತ ಬೇಸೇ ಮುಂದೆ ನಡೆಯುವುದು.

ಮನೆಯಲ್ಲಿ ಹಿರಿಯರಿಗೆ ಇಂಗ್ಲಿಷ್ ಪದ ಸರಿಯಾಗಿ ಗೊತ್ತಾಗದೇ ಇರಬಹುದು. ಶುರು ಮಾಡುವ ಮುಂಚೆ ಎರಡು ಮಾತಲ್ಲಿ ಹೇಳಿಬಿಡಿ, ಇದು ಒಬ್ಬ ಮಗ ತನ್ನ ಅಪ್ಪನಿಗೆ ಬರೆದದ್ದು ಅಂತ. ಅಷ್ಟು ಸಾಕು, ನಿಮ್ಮ ತಾಯಿಗೆ ಪ್ರತಿ ಸಾಲೂ ಅರ್ಥವಾಗುತ್ತದೆ. ನಡುವಿನ ಆ ಭಾಗ ಬಂದಾಗ, ಕೇಳುವವರ ಕಡೆ ತಿರುಗುವ ಆ ಸಾಲುಗಳಲ್ಲಿ, ಗಿಟಾರ್ ನೋಡಬೇಡಿ. ಎದುರಿಗೆ ಕೂತವರನ್ನು ನೋಡಿ ಹಾಡಿ.

ಕೊನೆಯ ಪಲ್ಲವಿಯಲ್ಲಿ ‘ಮತ್ತೆ ಸಿಕ್ಕರೆ ಸಾಕು’ ಅನ್ನುವವರೆಗೂ ತಾಳ ಇರಲಿ. ‘ಇನ್ನೊಮ್ಮೆ ಮುಟ್ಟುವಂತಾದರೆ’ ಅನ್ನುವ ಸಾಲು ಬಂದಾಗ ಬಲಗೈಯನ್ನು ತಂತಿಗಳ ಮೇಲೆ ಚಪ್ಪಟೆಯಾಗಿ ಇಟ್ಟು ನಿಲ್ಲಿಸಿಬಿಡಿ. ಆ ಒಂದು ಸಾಲನ್ನು ವಾದ್ಯ ಇಲ್ಲದೆ, ಬರೀ ದನಿಯಲ್ಲಿ ಹಾಡಿ.